ಬೇಳೆ ಡಬ್ಬಿಯ ಹಿಂದಿನ ಕಾಗದ

ರೊಟ್ಟಿ ಬಡಿಯುತ್ತಿದ್ದೆ. ಕೈ ಹಿಟ್ಟಿನ ಮೇಲೆ, ಕಣ್ಣು ಚಾಪೆಯ ಮೇಲೆ ಮಲಗಿದ್ದ ಮೊಮ್ಮಗಳ ಬಲಗಾಲಿನ ಮೇಲೆ.

"ಗೀತಾ, ಮಡಚಿದಿ ನೋಡು!"

"ನೀ ನೋಡಾಕತ್ರನ ಮಡಚತೈತಿ, ಆಯಿ. ಅಮ್ಮಿನಬಾವಿ ಅಜ್ಜಿ ಕೂತ್ರ ಅಲುಗಾಡಂಗಿಲ್ಲ."

ಹುಡುಗಿಯ ಹೃದಯದಲ್ಲಿ ಹುಟ್ಟಿನಿಂದ ಒಂದು ತೂತು. ಸೋಮವಾರ ದವಾಖಾನೆ. ಎದೆ ಕೊಯ್ಯುವುದಿಲ್ಲವಂತೆ, ತೊಡೆಯ ರಕ್ತನಾಳದಿಂದ ಸಣ್ಣ ನಳಿಗೆ ಹಾಯಿಸಿ, ಕೊಡೆಯ ಹಾಗೆ ಬಿಚ್ಚಿಕೊಳ್ಳುವ ಮುಚ್ಚಳ ಕೂರಿಸುತ್ತಾರೆ. ಆಮೇಲೆ ಆ ಕಾಲು ತಾಸುಗಟ್ಟಲೆ ಮಡಚಬಾರದು. ಅದಕ್ಕೇ ಮನೆಯಲ್ಲಿ ಈಗಿನಿಂದಲೇ ಕಾಲು ಚಾಚಿ ಮಲಗುವ ಈ ರೂಢಿ.

ಅಮ್ಮಿನಬಾವಿಯ ಶಿವಲಿಂಗವ್ವ ನನ್ನ ಬೀಗತಿ, ಸೊಸೆ ವಿದ್ಯಾಳ ತಾಯಿ. ಹಬ್ಬಕ್ಕೊಮ್ಮೆ ಬರುವವಳು. ಬಂದರೆ ಹುಡುಗಿಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು "ಈ ಕಾಲು ಮಲಗಿದ ಕೂಸು, ಎಬ್ಬಿಸಬ್ಯಾಡ" ಎನ್ನುತ್ತಾಳೆ, ಅಷ್ಟಕ್ಕೇ ಇವಳು ಕಲ್ಲಿನಂತೆ ಮಲಗುತ್ತಾಳೆ. ಎತ್ತಿ ಆಡಿಸಿದವಳು ನಾನು. ಜ್ವರಕ್ಕೆ ಎದ್ದು ಕೂತವಳು ನಾನು. ಆ ಬೀಗತಿಗೆ ಅಕ್ಷರವೂ ಬಾರದು! ನಾನು ತಲೆ ನರೆತ ಮೇಲೆ ರಾತ್ರಿ ಶಾಲೆಗೆ ಹೋಗಿ ಕಲಿತವಳು. ದವಾಖಾನೆಯವರು ಕೊಟ್ಟ ಹಾಳೆಯನ್ನು ಗೀತಾಳಿಗೆ ಒಂದು ಸಾಲೂ ಬಿಡದೆ ಓದಿ ಹೇಳಿದ್ದೆ.

ಬೀಗರು ಕರೆಯದೆ ಮಗಳ ಮನೆಗೆ ಬಂದು ಉಳಿಯುವವಳಲ್ಲ ಶಿವಲಿಂಗವ್ವ. ಫೋನಿನಲ್ಲಿ ಅವಳಿಗೆ ಕಿವಿ ಕೇಳದು. ಅದಕ್ಕೇ ಗೀತಾ ತಾನೇ ಕಾಗದ ಬರೆದು ನನ್ನ ಕೈಗೆ ಕೊಟ್ಟಿದ್ದಳು, ನಮ್ಮ ಅಮರಗೋಳದ ಮಾರ್ಕೆಟ್ಟಿಗೆ ಅಮ್ಮಿನಬಾವಿಯ ಕಾಯಿಪಲ್ಲೆ ತರುವ ಮೆಹಬೂಬನ ಟೆಂಪೋದಲ್ಲಿ ಕಳಿಸು, ಅವನೇ ಅಜ್ಜಿಗೆ ಓದಿ ಹೇಳುತ್ತಾನೆಂದು. ಅದು ಬೇಳೆ ಡಬ್ಬಿಯ ಹಿಂದೆ ಕೂತಿತ್ತು.

"ಅತ್ತೀ, ಟೆಂಪೋ ಇವತ್ತೂ ಹೋತೇನ್ರಿ?" ವಿದ್ಯಾ ಡಬ್ಬಿಯ ಕಡೆ ನೋಡುತ್ತಲೇ ಕೇಳಿದಳು.

"ಹೊಂಟಿರಬೇಕವ್ವಾ. ಅದಕ್ಕೇನು ನನ್ನಂಗ ಮಂಡಿನೋವು ಐತೇನು?"

ರೊಟ್ಟಿ ಮುಗಿಸಿ ಗೀತಾಳಿಗೆಂದು ಎರಡು ಚಪಾತಿ ಮಾಡಬೇಕೆಂದರೆ ಲಟ್ಟಣಿಗೆ ಇಲ್ಲ. ಹುಡುಗಿಯೂ ಚಾಪೆಯ ಮೇಲಿಲ್ಲ. ಒಳಗೆ ಹೋದೆ. ಮೊಣಕಾಲಿನ ಹಿಂದೆ ಲಟ್ಟಣಿಗೆ ಇಟ್ಟು, ಜಡೆಯ ರಿಬ್ಬನ್ನಿನಿಂದ ಬಿಗಿದುಕೊಂಡು ಕೂತಿದ್ದಳು.

"ಏನವ್ವಾ ಇದು?"

"ನೀನ ಓದಿದೆಲ್ಲ, ಮಡಚಿದ್ರ ರಕ್ತ ಬರತೈತಂತ. ನಾ ಕಾಗದ ಬರದ್ರೂ ಅಜ್ಜಿ ಬರವಲ್ಲಳು. ಆಕಿಗೆ ನಾ ಬ್ಯಾಡಾಗೇನಿ."

ಬಿಚ್ಚಿದೆ. ಚರ್ಮದ ಮೇಲೆ ಕೆಂಪು ಗೆರೆ. ತಿಕ್ಕುತ್ತ ಅಂದೆ, "ಬ್ಯಾಡಾಗಿಲ್ಲವ್ವಾ. ಕಾಗದ ನನ್ನ ಕಡೇನ ಉಳದೈತಿ."

ಅವಳು ನನ್ನ ಮುಖ ನೋಡಿ, ಕಾಲನ್ನು ನನ್ನ ಕೈಯಿಂದ ಎಳೆದುಕೊಂಡಳು. ಬೈದಿದ್ದರೆ ಛಲೋ ಇತ್ತು.

ಅವಳ ಅಕ್ಷರದ ಕೆಳಗೆ ನನ್ನವನ್ನು ಬರೆದೆ: 'ಬೀಗತಿಯವರಿಗೆ ಶರಣು. ನಾನೇ ಕರೀತೇನಿ. ರವಿವಾರ ಬರ್ರಿ. ಕಾಲ ಹತ್ತಿರ ನೀವು ಕೂಡ್ರಿ.' ಪೆನ್ನು ನಿಂತಿತು. ತಡೆಯಲಾಗಲಿಲ್ಲ. 'ತಲಿ ಹತ್ತಿರ ನಾ ಕೂಡತೇನಿ. ಹೊದಿಯಾಕ ಕೌದಿ ತರಬ್ಯಾಡ್ರಿ, ನಂದು ಐತಿ.'

ಮಾರ್ಕೆಟ್ಟಿನಲ್ಲಿ ಮೆಹಬೂಬ ಖಾಲಿ ಬುಟ್ಟಿ ಏರಿಸುತ್ತಿದ್ದ.

"ಜರೂರಿ ಐತೇನ್ ಆಯಿ?"

"ಭಾಳ ತಡಾ ಆಗೇತಪಾ. ಲಗೂ ಮುಟ್ಟಸು."

ಕಾಗದ ಅವನ ಅಂಗಿಯ ಕಿಸೆಗೆ ಹೋಯಿತು. ಟೆಂಪೋ ಅಮ್ಮಿನಬಾವಿಗೆಂದು ಧಾರವಾಡದ ಕಡೆ ತಿರುಗುವವರೆಗೂ ನಿಂತಿದ್ದೆ.