ನಾನಳೆದ ಹೆಂಗಸರು

ನಾನು ಒಂದು ಅಳತೆಗೋಲು. ಉಕ್ಕಿನ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸಿದರೆ ಆಳೆತ್ತರ ನಿಲ್ಲುತ್ತೇನೆ. ತಲೆ, ಭುಜ, ಮೊಣಕಾಲು ಎಲ್ಲಿದೆ ಎಂದು ತೋರಿಸಲು ಮೈಮೇಲೆ ಜಾರುವ ಒಂದು ಕೈ ಇದೆ. ವರ್ಕ್‌ಶಾಪಿನಲ್ಲಿ ಹುಟ್ಟಿ, ಮೈಸೂರಿನ ಒಂದು ಕಾಲೇಜಿನ ಮಾನವಶಾಸ್ತ್ರ ವಿಭಾಗಕ್ಕೆ ಬಂದೆ. ಮುದಿ ಪ್ರೊಫೆಸರರ ಕೈಯಲ್ಲಿ ಬಹುಕಾಲ ಇದ್ದು, ಅವರು ನಿವೃತ್ತರಾದ ಮೇಲೆ ಸಂಶೋಧನೆಗೆ ಸೇರಿದ ವಸುಂಧರಾಳ ಪಾಲಾದೆ.

ವಸುಂಧರಾಳ ತಾಯಿ ಹೊಲಿಗೆ ಮಷಿನ್ನಿನ ಮುಂದೆ ಬಗ್ಗಿ ಬಗ್ಗಿ ಬೆನ್ನು ಕಳೆದುಕೊಂಡವರು. ಅದಕ್ಕೇ ಅವಳು ಮದ್ದೂರಿನ ಕಡೆಯ ಒಂದು ಗಾರ್ಮೆಂಟ್ಸ್ ಕಾರ್ಖಾನೆಯ ಹೆಂಗಸರನ್ನು ಅಳೆಯಲು ಹೊರಟಳು. ಎಲ್ಲರ ಅಳತೆ ಸೇರಿಸಿ ಲೆಕ್ಕ ಹಾಕಿದರೆ ಅವರ ಮೈಗೆ ಹೊಂದುವ ಕುರ್ಚಿಗಳನ್ನು ಮಾಡಿಸಬಹುದೆಂಬುದು ಅವಳ ಆಸೆ. ಮ್ಯಾನೇಜರ್ ಒಪ್ಪಿದರು. ಅಳತೆಗಳನ್ನು ತಮಗೂ ಕೊಡಬೇಕೆಂದರು.

ಚಿಕ್ಕತಾಯಮ್ಮ ಎಂಬ ಗಿಡ್ಡ ಹೆಂಗಸು ನನ್ನನ್ನು ಕಂಡು ಹಿಂಜರಿದಳು.

“ಇದ್ಯಾಕ್ ಮೇಡಂ, ಹೆಣದ್ ಪೆಟ್ಗೆ ಮಾಡಿಸ್ತೀರಾ?”

“ಕುರ್ಚಿ ಮಾಡಿಸೋಕೆ ಕಣಮ್ಮ. ನಿಮ್ಮ ಕಾಲು ನೆಲ ಮುಟ್ಟೋ ಹಾಗೆ.”

“ಹಂಗಾರೆ ಸರ್ಯಾಗ್ ಅಳೀರಿ” ಎಂದು ಅವಳು ಸೆರಗು ಸಿಕ್ಕಿಸಿ ನೆಟ್ಟಗೆ ನಿಂತಳು. ಅವಳ ಬೆವರು ನನ್ನ ಮೈಗೆ ಅಂಟಿತು.

ಕೆಲವು ತಿಂಗಳ ನಂತರ ಕುರ್ಚಿಗಳು ಬಂದವು, ಎಲ್ಲವೂ ಒಂದೇ ಎತ್ತರದವು. ನನ್ನನ್ನು ಚೀಲದಲ್ಲಿಟ್ಟುಕೊಂಡು ನೋಡಲು ಹೋದ ವಸುಂಧರಾಳಿಗೆ ಮ್ಯಾನೇಜರ್ ಕಾಫಿ ತರಿಸಿದರು.

“ಒಬ್ಬೊಬ್ಬರಿಗೆ ಒಂದೊಂದು ಕುರ್ಚಿ ಮಾಡಿಸೋಕಾಗುತ್ತಾ ಮೇಡಂ? ನಿಮ್ಮ ಸರಾಸರಿಗೆ ಹತ್ತಿರ ಇರೋರನ್ನ ಉಳಿಸ್ಕೊಂಡ್ವಿ, ಮಿಕ್ಕವರನ್ನ ಕೆಲಸದಿಂದ ಬಿಡಿಸಿದ್ವಿ. ನಿಮ್ಮಿಂದ ತುಂಬಾ ಅನುಕೂಲ ಆಯ್ತು.”

ವಸುಂಧರಾ ಕಾಫಿ ಮುಟ್ಟಲಿಲ್ಲ. ಅವರನ್ನು ವಾಪಸು ತೆಗೆದುಕೊಳ್ಳಿ ಎಂದು ಬೇಡಿದಳು, ಜಗಳವಾಡಿದಳು. ಮ್ಯಾನೇಜರ್ ನಗುತ್ತಲೇ ಎದ್ದು ಹೋದರು. ಗೇಟಿನ ಹೊರಗೆ ಬಿಡಿಸಿದ ಹೆಂಗಸರು ಗುಂಪಾಗಿ ಕೂತಿದ್ದರು. ಚಿಕ್ಕತಾಯಮ್ಮ ಎದ್ದು ಬಂದಳು. ದನಿ ಏರಿಸಲಿಲ್ಲ.

“ಇನ್ನೊಂಚೂರು ಉದ್ದ ಬರ್ಕೊಂಡಿದ್ರೆ ನಿಮ್ ಗಂಟೇನ್ ಹೋಯ್ತಿತ್ತು ಮೇಡಂ?”

ಚೀಲದೊಳಗಿದ್ದ ನನ್ನನ್ನು ವಸುಂಧರಾ ಬಿಗಿಯಾಗಿ ಹಿಡಿದುಕೊಂಡು ರಸ್ತೆಯ ಕಡೆ ನಡೆದಳು.

ಅದೇ ಅಧ್ಯಯನಕ್ಕೆ ಅವಳಿಗೆ ಡಾಕ್ಟರೇಟ್ ಸಿಕ್ಕಿತು. ಶಾಲು ಹೊದಿಸಿದರು. ಆಮೇಲೆ ಅವಳು ನನ್ನನ್ನು ಮುಟ್ಟಲಿಲ್ಲ, ಯಾರನ್ನೂ ಅಳೆಯಲಿಲ್ಲ.

ಈಗ ನಾನು ವಿಭಾಗದ ಗಾಜಿನ ಬೀರುವಿನಲ್ಲಿದ್ದೇನೆ. ಕೀಲುಗಳಿಗೆ ತುಕ್ಕು ಹಿಡಿದಿದೆ. “ಇದು ಕೂದಲೆಳೆಯಷ್ಟೂ ತಪ್ಪು ಹೇಳಿದ್ದಿಲ್ಲ” ಎಂದು ಮೇಷ್ಟರು ಹುಡುಗರಿಗೆ ತೋರಿಸುತ್ತಾರೆ. ನಿಜ, ನಾನು ತಪ್ಪಲಿಲ್ಲ. ಆದರೆ ಯಾರು ಉಳಿಯಬೇಕು, ಯಾರು ಹೋಗಬೇಕು ಎಂದು ಕೂತು ತೀರ್ಮಾನಿಸಿದವರನ್ನು ಮಾತ್ರ ಯಾರೂ ನನ್ನ ಪಕ್ಕ ನಿಲ್ಲಿಸಲಿಲ್ಲ.