ತುದಿ ಮುರಿದ ಟೇಪು

ನೆಲದ ಮೇಲೆ ಆಗದ್ದು ಮೇಸ್ತ್ರಿಗೆ ನೀರಿನಲ್ಲಿ ಆಗುತ್ತಿತ್ತು. ವಾರಕ್ಕೆರಡು ಸಲ ಹೆಂಡತಿ ಅವನನ್ನು ಗಾಲಿಕುರ್ಚಿ ಸಮೇತ ಹಳೆಯ ವ್ಯಾನಿಗೆ ಹತ್ತಿಸಿ, ಊರಾಚೆಯ ಆಸ್ಪತ್ರೆಯ ಈಜುಕೊಳಕ್ಕೆ ಕರೆದೊಯ್ಯುತ್ತಿದ್ದಳು. ಅಲ್ಲಿ ಎದೆಮಟ್ಟದ ನೀರಿಗಿಳಿದು, ಕಂಬಿ ಹಿಡಿದು, ಇಪ್ಪತ್ತು ನಿಮಿಷ ಅವನು ತನ್ನ ಕಾಲ ಮೇಲೆ ತಾನು ನಿಲ್ಲುತ್ತಿದ್ದ. ಎರಡು ವರ್ಷದ ಹಿಂದೆ ಏಣಿಯಿಂದ ಬಿದ್ದ ಮೇಲೆ ಅವನ ಪಾಲಿಗೆ ಉಳಿದ ನಿಲುವು ಅಷ್ಟೇ.

ಹೋದ ತಿಂಗಳು ವ್ಯಾನು ಒಂದು ಗುಂಡಿಗಿಳಿದು ಕಟ್ಟೆಂದಿತು. ಅಡಿಯಲ್ಲಿ ಉದ್ದಕ್ಕೆ ಓಡುವ ಎರಡು ಉಕ್ಕಿನ ತೊಲೆಗಳಲ್ಲಿ ಬಲಗಡೆಯದು ಹಿಂದಿನ ಚಕ್ರದ ಹತ್ತಿರ ತುಕ್ಕು ತಿಂದು, ಬಿರಿದು, ಬಾಗಿಹೋಗಿತ್ತು. ಮೂರು ಗ್ಯಾರೇಜಿನವರು ಬಗ್ಗಿ ನೋಡಿ ತಲೆಯಾಡಿಸಿದರು. ಒಬ್ಬನಂತೂ, "ಅಮ್ಮಾ, ಇದಕ್ಕೆ ವೆಲ್ಡಿಂಗ್ ಮಾಡೋದೂ ಒಂದೇ, ಬಿಸ್ಕತ್ತಿಗೆ ಹೊಲಿಗೆ ಹಾಕೋದೂ ಒಂದೇ. ಗುಜರಿಗೆ ಹಾಕಿಬಿಡಿ" ಅಂದ.

ಮೂರು ವಾರ ಕೊಳಕ್ಕೆ ಹೋಗಲಾಗಲಿಲ್ಲ. ಮೇಸ್ತ್ರಿಯ ಮಂಡಿಗಳು ಮರಗಟ್ಟತೊಡಗಿದವು. ಮೊದಲ ವಾರ ಸಿಡುಕಿದ, ಎರಡನೇ ವಾರ ಗೊಣಗಿದ, ಮೂರನೇ ವಾರ ಸುಮ್ಮನಾದ. ಅವಳಿಗೆ ಹೆದರಿಕೆಯಾದದ್ದು ಆ ಸುಮ್ಮನಾದದ್ದಕ್ಕೆ.

ಮೇಸ್ತ್ರಿಯೇ ಒಂದು ಕಾಲಕ್ಕೆ ಹೆಸರಾದ ವೆಲ್ಡರ್. ಅವನ ಕೈಯಲ್ಲಿ ಕೆಲಸ ಕಲಿತವನಿಗೆ ಈಗ ತನ್ನದೇ ಶೆಡ್ಡಿತ್ತು. ಕಲಿಯುವಾಗ ಕಿಡಿ ಹಾರಿದರೆ ತಾನೂ ಹಾರುತ್ತಿದ್ದನೆಂದು ಅವನಿಗೆ ಕಿಡಿ ಅಂತಲೇ ಹೆಸರು ಬಿದ್ದಿತ್ತು, ನಲವತ್ತಾದರೂ ಬಿಟ್ಟಿರಲಿಲ್ಲ. ಅವನ ಹತ್ತಿರ ಹೋಗೋಣವೆಂದರೆ ಮೇಸ್ತ್ರಿ ಒಪ್ಪಲೊಲ್ಲ. "ಕಲಿಸಿದವನು ಕೈ ಚಾಚೋದಾ?" ಅಂದು ಮುಖ ತಿರುಗಿಸಿದ್ದ.

ಕೊನೆಗೆ ಅವನಿಗೆ ಹೇಳದೆ ಅವಳೇ ಹೋದಳು. ಹತ್ತು ಜನರೆದುರು ಬಾಯಿ ಬಿಡುವವಳಲ್ಲ. ಶೆಡ್ಡಿನ ಬಾಗಿಲಲ್ಲಿ ಸೆರಗಿನ ತುದಿ ಸುತ್ತುತ್ತಾ ನಿಂತಳು. ಚಹಾ ತಂದ ಕಿಡಿಯ ಹೆಂಡತಿ ಅವಳನ್ನು ನೋಡಿ ಒಳಕ್ಕೆ ಕೂಗಿದಳು. "ರೀ, ಅಕ್ಕ ಬಂದಿದ್ದಾರೆ. ಅವರು ತಾವಾಗಿ ಮಾತಾಡಲಿ ಅಂತ ಕಾಯ್ತಾ ಕೂತ್ರೆ ಕತ್ತಲಾಗುತ್ತೆ. ನೀವೇ ಕೇಳಿ."

ಕಿಡಿ ಕೇಳಿದ. ಅವಳು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದಳು.

"ಮೂರು ವಾರ ಯಾಕಕ್ಕ ಕಾದ್ರಿ?" ಅಂದ ಅವನು. ಅದರಲ್ಲಿ ಬೈಗುಳವಿತ್ತು. ಮಾರನೆಯ ಬೆಳಿಗ್ಗೆಯೇ ಲಾರಿ ತಂದು ವ್ಯಾನನ್ನು ಎಳೆದೊಯ್ದ. ಮೇಸ್ತ್ರಿಯನ್ನೂ ಕುರ್ಚಿ ಸಮೇತ ಎತ್ತಿಕೊಂಡು ಹೋದ. "ನೀವು ಕಣ್ಮುಂದೆ ಕೂರದೆ ನಾನು ಗ್ರೈಂಡರ್ ಮುಟ್ಟಲ್ಲ, ಮೇಸ್ತ್ರಿ."

"ನಿನ್ನ ನಾಟಕ ಸಾಕು, ಜಾಕು ಕೊಡು" ಎಂದು ಮೇಸ್ತ್ರಿ ಗದರಿದ. ಅವನು ಸುಮ್ಮನಾದ ಮೇಲೆ ಅವಳು ಕೇಳಿದ ಮೊದಲ ಜೋರು ದನಿ ಅದು.

ಕೆಟ್ಟ ಭಾಗ ಕತ್ತರಿಸಿ ತೆಗೆದರು. ಆ ಜಾಗಕ್ಕೆ ಕೂರಿಸಲು ಅದೇ ಜಾತಿಯ ಗುಜರಿ ವ್ಯಾನಿನ ತೊಲೆಯ ತುಂಡೊಂದು ಶೆಡ್ಡಿನ ಹಿಂದೆ ಬಿದ್ದಿತ್ತು. ಇನ್ನು ಅಳತೆ. ಕಿಡಿಯ ಟೇಪಿನ ಮೊದಲ ಹತ್ತು ಸೆಂಟಿಮೀಟರ್ ಮುರಿದುಹೋಗಿತ್ತು. ಅದು ಮೇಸ್ತ್ರಿಯ ಟೇಪು. ಕಿಡಿ ಬೇರೆ ಶೆಡ್ಡು ಹಾಕಿದಾಗ ಬೇಡಿ ತಂದದ್ದು. ಎಷ್ಟು ತೋರಿಸುತ್ತದೋ ಅದರಲ್ಲಿ ಹತ್ತು ಕಳೆಯಬೇಕು. ಕಿಡಿ ಕಲಿಯುತ್ತಿದ್ದಾಗೆಲ್ಲ ಮೇಸ್ತ್ರಿ ಟೇಪು ಓದಿ ಇದ್ದ ಅಂಕಿ ಹೇಳುತ್ತಿದ್ದ, ಕತ್ತರಿಸುವ ಕಿಡಿ ಹತ್ತು ಕಳೆದುಕೊಳ್ಳುತ್ತಿದ್ದ.

ಕಿಡಿ ವ್ಯಾನಿನಡಿ ಮಲಗಿ ಮುರಿದ ತುದಿಯನ್ನು ಒತ್ತಿ ಹಿಡಿದ. ಮೇಸ್ತ್ರಿ ಕುರ್ಚಿಯಿಂದ ಬಗ್ಗಿ ಇನ್ನೊಂದು ತುದಿ ನೋಡಿ, "ಅರವತ್ನಾಲ್ಕು" ಅಂದ.

ಉಕ್ಕು ಕತ್ತರಿಸುವ ಗ್ರೈಂಡರ್ ಕಿರುಚಿತು. ತುಂಡು ತಂದು ಹಿಡಿದರೆ ಒಂದು ಕಡೆ ಅಂಗೈ ಅಗಲದ ಸಂದು.

ಕಿಡಿ ತುಂಡನ್ನು ಕೆಳಗಿಟ್ಟ.

"ಅರವತ್ನಾಲ್ಕು ಅಂದ್ರಲ್ಲ ಮೇಸ್ತ್ರಿ. ಹತ್ತು ಕಳೆದು ಐವತ್ನಾಲ್ಕು ಕತ್ತರಿಸ್ದೆ."

"ಇದ್ದದ್ದು ಎಪ್ಪತ್ನಾಲ್ಕು. ನಾನೇ ಕಳೆದು ಹೇಳ್ದೆ. ಈಗ ನೀನು ಯಜಮಾನ, ಕೂಡಿ ಕಳೆಯೋ ಕೆಲಸ ನಿನಗ್ಯಾಕೆ ಅಂತ."

"ನೀವು ಯಾವತ್ತು ಕಳೆದು ಹೇಳಿದ್ರಿ? ಇಷ್ಟು ವರ್ಷದಲ್ಲಿ ಒಂದು ದಿನ?"

ಒಬ್ಬರಿಗೊಬ್ಬರು ಮರ್ಯಾದೆ ಕೊಡಲು ಹೋಗಿ ಇಬ್ಬರೂ ಹತ್ತು ಹತ್ತು ಕಳೆದಿದ್ದರು. ಉಳಿದ ಚೂರು ಯಾತಕ್ಕೂ ಬಾರದು. ಚೂರಿಗೆ ಚೂರು ಸೇರಿಸಿ ಅಂಟಿಸಿದರೆ ಭಾರ ಹೊರುವ ತೊಲೆ ಆಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಮೇಸ್ತ್ರಿ ಕೈ ಒರೆಸಿಕೊಂಡ. "ತಪ್ಪು ನಂದು. ಬಿಡೋ. ಗುಜರಿಯವನಿಗೆ ಹೇಳಿಬಿಡೋಣ." ಅವನು ಹೆಂಡತಿಯ ಕಡೆ ನೋಡಲಿಲ್ಲ. ಮನೆಯ ಕಿಟಕಿ, ಅದರ ಮುಂದೆ ಕುರ್ಚಿ, ಕುರ್ಚಿಯಲ್ಲಿ ಸುಮ್ಮನೆ ಕೂತವನು; ಇಷ್ಟೇ ಅವಳ ಕಣ್ಣಿಗೆ ಬಂತು.

ಕಿಡಿ ಮಾತ್ರ ತಲೆಯೆತ್ತಿ ಸೂರು ನೋಡುತ್ತಿದ್ದ. ಅವಳೂ ನೋಡಿದಳು. ಇಂಜಿನ್ ಎತ್ತುವ ಸರಪಳಿ ತೂಗುಬಿದ್ದಿದ್ದ ಅಡ್ಡತೊಲೆ ಅದೇ ಗುಜರಿ ವ್ಯಾನಿನ ಇನ್ನೊಂದು ಪಕ್ಕದ್ದು. ಆ ಸರಪಳಿ ಇಲ್ಲದೆ ಶೆಡ್ಡಿನಲ್ಲಿ ಅರ್ಧ ಕೆಲಸ ನಡೆಯದು.

"ಬೇಡ" ಎಂದಳು ಅವಳು, ತಡೆಯಲಾರದೆ. "ನಿಮ್ಮ ಕೆಲಸ ನಿಲ್ಲುತ್ತೆ."

"ಒಂದು ವಾರ ನಿಲ್ಲುತ್ತೆ, ಅಕ್ಕ. ಅಷ್ಟರಲ್ಲಿ ಬೇರೆ ಹಾಕ್ಕೋತೀನಿ. ನನಗೆ ವೆಲ್ಡಿಂಗ್ ರಾಡ್ ಹಿಡಿಯೋಕೆ ಕಲಿಸಿದ್ದು ಮೇಸ್ತ್ರಿ ಕೈ."

"ಕೀಳಿ, ಶೆಡ್ಡೂ ಕೀಳಿ" ಅಂದಳು ಕಿಡಿಯ ಹೆಂಡತಿ. "ಆಮೇಲೆ ಮನೆ ಒಂದು ಉಳ್ಕೊಂಡಿದೆ, ಅದನ್ನೂ ಕಿತ್ತು ಯಾರಿಗಾದ್ರೂ ಅಂಟಿಸಿ." ಹಾಗೆನ್ನುತ್ತಲೇ ಏಣಿ ತಂದು ಗೋಡೆಗಾನಿಸಿ, ಬುಡವನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದಳು. ಮೇಸ್ತ್ರಿಯ ಹೆಂಡತಿಯೂ ಹೋಗಿ ಏಣಿಯ ಇನ್ನೊಂದು ಕಾಲು ಹಿಡಿದಳು. ತೊಲೆಯ ಎರಡೂ ತುದಿಗೆ ಹಗ್ಗ ಕಟ್ಟಿ ಕಿಡಿ ಮೆಲ್ಲಗೆ ಇಳಿಬಿಟ್ಟ.

ಈ ಸಲ ಕತ್ತರಿಸುವ ಮೊದಲು ಮೇಸ್ತ್ರಿ, "ಟೇಪಲ್ಲಿ ಎಪ್ಪತ್ನಾಲ್ಕು, ಕತ್ತರಿಸೋದು ಅರವತ್ನಾಲ್ಕು, ಎರಡು ಸಲ ಹೇಳು" ಅಂದ. ಕಿಡಿ ಪಾಠ ಒಪ್ಪಿಸುವವನಂತೆ ಎರಡು ಸಲ ಹೇಳಿದ. ಅವನ ಹೆಂಡತಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು.

ತುಂಡು ಕೂತಿತು. ನಾಲ್ಕು ಕಡೆ ಚುಕ್ಕಿಯಷ್ಟೇ ಅಂಟಿಸಿ, ವ್ಯಾನಿನ ಮೂಲೆಯಿಂದ ಮೂಲೆಗೆ ಓರೆಯಾಗಿ ಅಳೆದರು. ಎರಡೂ ಅಳತೆ ಒಂದೇ ಬಂತು, ಅಂದರೆ ಚೌಕಟ್ಟು ಸೊಟ್ಟಗಿಲ್ಲ. ಆಮೇಲೆ ವೆಲ್ಡಿಂಗ್. ಒಂದೇ ಸಮ ಎಳೆದರೆ ಶಾಖಕ್ಕೆ ತೊಲೆ ಸೊಟ್ಟಗಾಗುತ್ತದೆ. ಅದಕ್ಕೆ ಒಂದು ಬೆರಳುದ್ದ ಇಲ್ಲಿ, ಒಂದು ಬೆರಳುದ್ದ ಎದುರುಗಡೆ, ನಡುವೆ ತಣಿಯಲು ಬಿಡುವುದು.

"ಉಸಿರಾಡ್ಲಿ ಬಿಡು. ಅವಸರ ಮಾಡ್ಬೇಡ" ಎಂದು ಮೇಸ್ತ್ರಿ ಹೇಳುತ್ತಲೇ ಇದ್ದ.

"ನೀವು ಉಸಿರಾಡಿ ಮೇಸ್ತ್ರಿ, ಅದನ್ನ ನಾನು ನೋಡ್ಕೋತೀನಿ."

ಅವಳು ಬೆಳಕಿಗೆ ಬೆನ್ನು ಮಾಡಿ ಗಂಡನ ಮುಖವನ್ನೇ ನೋಡುತ್ತಿದ್ದಳು. ಪ್ರತಿ ಸಲ ರಾಡು ಉರಿದಾಗಲೂ, ತೊಡೆಯ ಮೇಲಿದ್ದ ಅವನ ಬಲಗೈ ತಾನೇ ಹಿಡಿದಿರುವಂತೆ ನಿಧಾನವಾಗಿ ಸರಿಯುತ್ತಿತ್ತು.

ಮೂರನೇ ದಿನ, ಬಲಕ್ಕೆಂದು ತೊಲೆಗೆ ಒಳಗಿನಿಂದ ಉಕ್ಕಿನ ಪಟ್ಟಿ ಕೂರಿಸಿ, ತುಕ್ಕು ಹಿಡಿಯದ ಬಣ್ಣ ಬಳಿದು ವ್ಯಾನು ಕೊಟ್ಟರು. ಅವಳು ಕಿಡಿಗೆ ಏನಾದರೂ ಹೇಳಬೇಕೆಂದು ದಾರಿಯಿಡೀ ಯೋಚಿಸಿಕೊಂಡು ಬಂದಿದ್ದಳು. ಎದುರಿಗೆ ನಿಂತಾಗ ಒಂದೂ ನೆನಪಾಗಲಿಲ್ಲ. ಖಾಲಿ ಸೂರಿನ ಕಡೆ ನೋಡಿ, ಕೀಲಿ ತೆಗೆದುಕೊಂಡು ಬಂದುಬಿಟ್ಟಳು.

ಮರುದಿನ ಮಧ್ಯಾಹ್ನ ಈಜುಕೊಳದ ದಂಡೆಯಲ್ಲಿ ಕೂತು ಫೋನು ಮಾಡಿದಳು.

"ಗುಂಡಿ ದಾಟುವಾಗ ಸದ್ದು ಬಂತಾ ಅಕ್ಕ?" ಕಿಡಿ ಕೇಳಿದ್ದು ಅದನ್ನೇ.

"ಇಲ್ಲ."

"ಒಂದು ಕಡೆಗೆ ಎಳೀತಿದೆಯಾ?"

"ಇಲ್ಲ, ನೆಟ್ಟಗೆ ಹೋಗುತ್ತೆ."

"ಹಾಗಾದ್ರೆ ಸರಿ, ಇಡ್ತೀನಿ" ಅಂದವನು ಇಟ್ಟೇಬಿಟ್ಟ.

ಮೇಸ್ತ್ರಿ ನೀರಿನಲ್ಲಿ ನಿಂತಿದ್ದ. ಮಂಡಿ ನಡುಗುತ್ತಿತ್ತು. ಕಂಬಿಯಿಂದ ಒಂದು ಕೈ ಬಿಟ್ಟಿದ್ದ. ಅವಳು ಮತ್ತೆ ಫೋನು ಮಾಡಿದಳು. ಕಿಡಿ "ಹಲೋ" ಅನ್ನುವುದಕ್ಕೂ ಬಿಡದೆ, ಈ ಸಲ ಮೊದಲು ತಾನೇ ಮಾತಾಡಿದಳು.