ಹೊಟ್ಟೆಯ ವಿಷಯ

"ತಲೆ ಸ್ವಲ್ಪ ಎತ್ತಿ ಹಿಡೀರಿ ಟೇಟಮ್ಮೋರೆ, ಹಿಂದಿನ ಕೂದ್ಲು ಹಾಗೇ ಉಳಿದಿದೆ," ಎನ್ನುತ್ತ ಲುವೀನಿಯಾ ಗುಂಗುರು ಕೂದಲು ನೆಟ್ಟಗೆ ಮಾಡುವ ಕಾದ ಬಾಚಣಿಗೆಯನ್ನು ಒದ್ದೆ ಬಟ್ಟೆಯ ಮೇಲೆ ಒತ್ತಿ ನೋಡಿದಳು. ಬಟ್ಟೆ ಚುಯ್ ಎಂದಿತು.

ಹೋಸಿಯಾ ಟೇಟಮ್ ಎರಡೂ ಕೈಗಳಿಂದ ಓಜೆಲ್ಲಾಳ ತಲೆಯನ್ನು ಮೆಲ್ಲಗೆ ಎತ್ತಿದ. ಊರಿನ ಕಪ್ಪುಜನರ ಶವಸಂಸ್ಕಾರವೆಲ್ಲ ಅವನ ಮನೆತನದ ಕೈಯಿಂದಲೇ ಆಗಬೇಕು. ಅವನ ಅಪ್ಪನೂ ಇದೇ ಕೋಣೆಯಲ್ಲಿ ಇದೇ ಕೆಲಸ ಮಾಡಿದವನು.

"ಹಿಂದುಗಡೆ ದಿಂಬಿಗೆ ಮುಚ್ಚಿ ಹೋಗುತ್ತೆ ಕಣಮ್ಮ. ಯಾರು ನೋಡ್ತಾರೆ?"

"ಇವಳು ನೋಡ್ತಾಳೆ. ಒಂದೇ ಒಂದು ಎಳೆ ಸುರುಳಿ ಉಳಿದ್ರೂ ಎದ್ದು ಕೂತು ನನ್ನ ಬೈತಾಳೆ."

ನಲವತ್ತು ವರ್ಷ ಅವರಿಬ್ಬರೂ ಒಂದೇ ಅಂಗಡಿಯಲ್ಲಿ ಅಕ್ಕಪಕ್ಕ ನಿಂತು ಮಿಸಿಸಿಪ್ಪಿಯ ಆ ಸಣ್ಣ ಊರಿನ ಹೆಂಗಸರ ತಲೆ ಬಾಚಿದವರು. ಅಂಗಡಿ ಓಜೆಲ್ಲಾಳದು. ಲುವೀನಿಯಾ ಅವಳಿಗಿಂತ ಆರು ವರ್ಷ ಚಿಕ್ಕವಳು. ಕಳೆದ ಭಾನುವಾರ ಪ್ರಾರ್ಥನೆ ಮುಗಿಸಿ ಬಂದು, ಎರಡು ತಟ್ಟೆ ಊಟ ಮಾಡಿ, ಜಗಲಿಯ ಬೆತ್ತದ ಕುರ್ಚಿಯಲ್ಲಿ ಕಣ್ಣು ಮುಚ್ಚಿದ ಓಜೆಲ್ಲಾ ಮತ್ತೆ ತೆರೆಯಲಿಲ್ಲ. ವಯಸ್ಸು ಎಪ್ಪತ್ತೊಂಬತ್ತು.

"ನನ್ನ ವ್ಯಾಪಾರಕ್ಕೆ ಕಲ್ಲು ಹಾಕಿದೋಳು ಇವಳು," ಎಂದ ಟೇಟಮ್. "ಇಷ್ಟೊತ್ತಿಗೆ ನನ್ನ ಹತ್ರ ಬಂದು ಮಲಗಬೇಕಾಗಿದ್ದ ಎಷ್ಟೋ ಜನ ಇನ್ನೂ ರಸ್ತೇಲಿ ಓಡಾಡ್ಕೊಂಡಿದ್ದಾರೆ."

ಲುವೀನಿಯಾ ನಕ್ಕಳು. ನಗುವಾಗಲೇ ಕಣ್ಣು ತುಂಬಿತು. ಅಷ್ಟರಲ್ಲಿ ಬಾಗಿಲು ತೆರೆದು ಓಜೆಲ್ಲಾಳ ಮಗಳು ಜ್ಯೂಯೆಲ್ ಒಳಗೆ ಬಂದಳು. ಅವಳು ಮೆಂಫಿಸ್‌ನಲ್ಲಿ ಶಾಲಾ ಶಿಕ್ಷಕಿ. ಕಪ್ಪು ಉಡುಪು, ಕಪ್ಪು ಟೋಪಿ, ನೆಟ್ಟಗಿನ ಬೆನ್ನು. ಅಮ್ಮನ ಮುಖವನ್ನು ಒಂದು ಗಳಿಗೆ ನೋಡಿ ಬೇರೆ ಕಡೆ ತಿರುಗಿದಳು.

"ಲುವೀನಿಯಾ ಚಿಕ್ಕಮ್ಮ, ಇವತ್ತು ಚರ್ಚಲ್ಲಿ ಅಮ್ಮನ ಬಗ್ಗೆ ನೀವೇ ಮಾತಾಡ್ತೀರಲ್ಲ, ಅದಕ್ಕೆ ಒಂದು ಮಾತು ಹೇಳೋಣ ಅಂತ ಬಂದೆ. ಹೊಟ್ಟೆ, ಕರುಳು, ಕಕ್ಕಸು... ಇದ್ಯಾವುದೂ ಬೇಡ."

"ಅದು ಬಿಟ್ಟು ನಿಮ್ಮಮ್ಮನ ವಿಷಯ ಏನು ಮಾತಾಡ್ಲೇ?"

"ಎಷ್ಟೊಂದಿದೆ! ಪೀಚ್ ಹಣ್ಣಿನ ಕಡುಬು ಮಾಡ್ತಿದ್ದಿದ್ದು ಹೇಳಿ. ದೇವರ ಹಾಡು ಹಾಡ್ತಿದ್ದಿದ್ದು ಹೇಳಿ."

"ಅವಳು ಬಾಯಿ ತೆಗೆದ್ರೆ ಬೆಕ್ಕು ಮನೆ ಬಿಟ್ಟು ಹೋಗ್ತಿತ್ತು."

ಜ್ಯೂಯೆಲ್ ನಗಲಿಲ್ಲ. "ನಾನು ಹೈಸ್ಕೂಲಲ್ಲಿದ್ದಾಗ ಹುಡುಗ್ರು ನನ್ನ ಏನಂತ ಕರೀತಿದ್ರು ಅಂತ ನಿಮಗೆ ಗೊತ್ತು. ಒಂದು ದಿನ, ಒಂದೇ ಒಂದು ದಿನ, ನಮ್ಮಮ್ಮನಿಗೆ ಮರ್ಯಾದೆಯಿಂದ ಹೋಗೋಕೆ ಬಿಡಿ."

"ಆಯ್ತು ಮಗಳೇ," ಎಂದಳು ಲುವೀನಿಯಾ. ಬಾಚಣಿಗೆ ಆರಿತ್ತು. ಮತ್ತೆ ಒಲೆಯ ಮೇಲಿಟ್ಟಳು.

* * *

ಓಜೆಲ್ಲಾಳಿಗೆ ಐವತ್ತೆರಡಾದ ವರ್ಷದ ಬೇಸಿಗೆಯಲ್ಲಿ ಅವಳ ಸ್ಕರ್ಟುಗಳು ಸಡಿಲವಾಗತೊಡಗಿದವು. ಅವಳದು ತುಂಬು ಮೈ. ಯಾರಾದರೂ ಸೊರಗಿದ್ದೀಯ ಎಂದರೆ "ಸೊಂಟ ಹುಡುಕ್ತಿದೀನಿ ಕಣೇ" ಎಂದು ತೇಲಿಸಿಬಿಡುತ್ತಿದ್ದಳು. ಒಂದು ದಿನ ಅಂಗಡಿಯ ಹಿಂದಿನ ಕಕ್ಕಸಿನಿಂದ ಹೊರಬಂದವಳು ತೊಟ್ಟಿಯ ಅಂಚನ್ನು ಹಿಡಿದು ನಿಂತೇ ಇದ್ದಳು.

"ರಕ್ತ ಹೋಗ್ತಿದೆ ಲುವೀನಿಯಾ," ಎಂದಳು. "ವಸಂತ ಕಾಲದಿಂದ."

ಉಚಿತ ಚಿಕಿತ್ಸೆಯ ಸರ್ಕಾರಿ ಕಾರ್ಡು ಸಿಗುವಷ್ಟು ಬಡತನವಿಲ್ಲ, ವಿಮೆ ಕೊಳ್ಳುವಷ್ಟು ಸಿರಿತನವಿಲ್ಲ. ಅಂಗಡಿ ಇಟ್ಟುಕೊಂಡು ದುಡಿಯುವ ಆ ಸೀಮೆಯ ಹೆಂಗಸರೆಲ್ಲರ ಪಾಡೂ ಅದೇ ಆಗಿತ್ತು. ಓಜೆಲ್ಲಾ ಹರಳೆಣ್ಣೆ ಕುಡಿದಿದ್ದಳು, ಲೋಳೆಸರ ತಿಂದಿದ್ದಳು. ತುರ್ತು ಚಿಕಿತ್ಸೆಯ ಕೋಣೆಯಲ್ಲಿ ಒಬ್ಬ ಎಳೆಯ ಡಾಕ್ಟರು ಮುಟ್ಟಿಯೂ ನೋಡದೆ ಮೂಲವ್ಯಾಧಿ ಎಂದು ಹೇಳಿ ಮುಲಾಮು ಕೊಟ್ಟು ಕಳಿಸಿದ್ದ. ಮುಲಾಮಿನ ಕೊಳವೆ ಖಾಲಿಯಾಯಿತು, ರಕ್ತ ನಿಲ್ಲಲಿಲ್ಲ. ಪಕ್ಕದ ದೊಡ್ಡ ಊರಲ್ಲಿ ಹೊಟ್ಟೆಯ ತಜ್ಞ ವಿಟ್ಲೋ ಎನ್ನುವವರಿದ್ದರು. ಅಲ್ಲಿಗೆ ಫೋನು ಮಾಡಿದರೆ ಮೊದಲ ಪ್ರಶ್ನೆಯೇ ಯಾವ ಇನ್ಶೂರೆನ್ಸ್ ಎಂದು. ಇಲ್ಲವೆಂದರೆ ಪೂರ್ತಿ ಹಣ ಮುಂಗಡ ಕಟ್ಟಿ ಎನ್ನುತ್ತಿದ್ದರು.

"ನಾಳೆ ಅಂಗಡಿ ಮುಚ್ಚು. ನನ್ನ ಜೊತೆ ಬಾ," ಎಂದಳು ಓಜೆಲ್ಲಾ.

"ಅವರು ನೋಡಲ್ಲ ಅಂದ್ರಲ್ಲೇ?"

"ಫೋನಲ್ಲಿ ಅಂದ್ರು. ನನ್ನ ಮುಖ ನೋಡಿ ಅನ್ನಲಿ."

ವಿಟ್ಲೋ ಅವರ ದವಾಖಾನೆಯಲ್ಲಿ ಗಾಜಿನ ಕಿಂಡಿಯ ಹಿಂದೆ ಕುಳಿತ ಹುಡುಗಿ ಎರಡೇ ಮಾತಲ್ಲಿ ಮುಗಿಸಿದಳು. ಆಗುವುದಿಲ್ಲ, ದಯವಿಟ್ಟು ಹೊರಡಿ.

"ನಾನು ಕಾಯ್ತೀನಮ್ಮ."

"ಕಾದ್ರೂ ಏನೂ ಉಪಯೋಗ ಇಲ್ಲ ಮೇಡಂ."

"ಕುರ್ಚಿ ಮೇಲೆ ಕೂರೋಕೂ ಇನ್ಶೂರೆನ್ಸ್ ಬೇಕಾ?"

ಓಜೆಲ್ಲಾ ಕೋಣೆಯ ನಟ್ಟನಡುವೆ ಹೋಗಿ ಕುಳಿತಳು. ಸುತ್ತ ಏಳೆಂಟು ಜನ. ಒಬ್ಬರ ಮುಖ ಒಬ್ಬರು ನೋಡದೆ ಪತ್ರಿಕೆಗಳ ಹಿಂದೆ ಅಡಗಿದ್ದರು. ಅವಳು ಪಕ್ಕದಲ್ಲಿದ್ದ, ಬೂಟುಗಾಲಿನ ಬಿಳಿಯ ಮುದುಕನ ಕಡೆ ತಿರುಗಿದಳು.

"ನಿಮಗೇನು ತೊಂದ್ರೆ ಯಜಮಾನ್ರೆ?"

ಮುದುಕ ಕೆಂಪಾದ. "ಹೊಟ್ಟೆ."

"ಮೇಲಾ ಕೆಳಗಾ?"

"ಏನಂದ್ರಿ?"

"ನನಗೆ ಕೆಳಗೆ. ಕಕ್ಕಸಿಗೆ ಹೋದಾಗಲೆಲ್ಲ ರಕ್ತ. ಕುರಿ ಕೊಯ್ದ ಹಾಗೆ!"

ಅವಳ ದನಿ ಮೊದಲೇ ಗಟ್ಟಿ. ಡ್ರೈಯರುಗಳ ಸದ್ದಿನ ಮೇಲೆ ಮಾತಾಡಿ ಪಳಗಿದ ದನಿ. ಲುವೀನಿಯಾ ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡಳು. ಮುದುಕ ಪತ್ರಿಕೆ ಕೆಳಗಿಟ್ಟು ತನ್ನದು ಆರು ದಿನಕ್ಕೊಮ್ಮೆ ಹೋಗುತ್ತದೆ, ಹೋದರೆ ಕಲ್ಲು ಎಂದು ಪಿಸುಗುಟ್ಟಿದ. ಎದುರಿಗಿದ್ದ ಹೆಂಗಸು ತನಗೆ ಅದರ ತದ್ವಿರುದ್ಧ, ಗಂಡನ ಅಕ್ಕನ ಮದುವೆಯಲ್ಲಿ ಊಟದ ಮೇಜಿನಿಂದಲೇ ಓಡಬೇಕಾಯಿತು ಎಂದಳು. ಯಾರೋ ಕಿಸಕ್ಕೆಂದರು. ಸ್ವಲ್ಪ ಹೊತ್ತಿನಲ್ಲಿ ಇಡೀ ಕೋಣೆಯೇ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಕಿಂಡಿಯ ಹುಡುಗಿ ಪೊಲೀಸರನ್ನು ಕರೆಯುತ್ತೇನೆ ಎಂದು ಕೂಗಿದ್ದು ಯಾರಿಗೂ ಕೇಳಲಿಲ್ಲ.

ಒಳಬಾಗಿಲು ತೆರೆದು ಡಾಕ್ಟರು ಬಂದರು. "ಏನಿದು?"

ಓಜೆಲ್ಲಾ ಎದ್ದು ನಿಂತಳು. ನಗು ನಿಂತಿತು. ಸೊಂಟದ ಬಳಿ ಸ್ಕರ್ಟನ್ನು ಒಟ್ಟುಮಾಡಿ ಪಿನ್ನು ಚುಚ್ಚಿದ್ದಳು. ಆ ಬಟ್ಟೆಯೊಳಗೆ ಇನ್ನೊಬ್ಬ ಹೆಂಗಸು ಹಿಡಿಸುವಂತಿತ್ತು.

"ಡಾಕ್ಟ್ರೇ, ನಾನು ಸಾಯೋದೇ ಆದ್ರೆ ಹೇಳ್ಬಿಡಿ. ಮನೆಗೆ ಹೋಗಿ ಮಗಳಿಗೆ ಹೇಳ್ಕೋತೀನಿ. ಆದ್ರೆ ನೋಡಿ ಹೇಳಿ. ನೋಡದೇ ಕಳಿಸ್ಬೇಡಿ."

ಅದುವರೆಗೆ ಅಷ್ಟು ಗಟ್ಟಿಯಾಗಿದ್ದ ಅವಳ ದನಿ ಕೊನೆಯ ಮಾತಿಗೆ ಬಿರುಕು ಬಿಟ್ಟಿತು. ಡಾಕ್ಟರು ಆ ಪಿನ್ನನ್ನೇ ನೋಡುತ್ತಿದ್ದರು.

"ಒಳಗೆ ಬನ್ನಿ," ಎಂದರು.

ದೊಡ್ಡ ಕರುಳಿನಲ್ಲಿ ಗೆಡ್ಡೆ ಬೆಳೆದಿತ್ತು. ಇನ್ನೊಂದು ಚಳಿಗಾಲ ಕಾದಿದ್ದರೆ ಕೈ ಮೀರುತ್ತಿತ್ತು. ವಿಟ್ಲೋ ಅವರೇ ರಾಜಧಾನಿಯ ಆಸ್ಪತ್ರೆಗೆ ಫೋನು ಮಾಡಿ, ಅಲ್ಲಿನವರೊಡನೆ ಜಗಳವಾಡಿ, ಶಸ್ತ್ರಚಿಕಿತ್ಸೆಗೆ ಹಾಸಿಗೆ ಕೊಡಿಸಿದರು. ಆಸ್ಪತ್ರೆಯ ಬಾಕಿಯನ್ನು ಓಜೆಲ್ಲಾ ವರ್ಷಗಟ್ಟಲೆ ಸ್ವಲ್ಪಸ್ವಲ್ಪವಾಗಿ ತೀರಿಸಿದಳು, ಬೈಯುತ್ತಲೇ ತೀರಿಸಿದಳು. ಆದರೆ ಬದುಕಿದಳು.

* * *

ಲುವೀನಿಯಾಳ ಗಂಡ ರಾಸ್ಕೋ ಬದುಕಲಿಲ್ಲ. ಹತ್ತಿಯ ಲಾರಿ ಓಡಿಸುತ್ತಿದ್ದ ಗಟ್ಟಿ ಆಳು. ಮರುವರ್ಷ ಅವನಿಗೂ ಅದೇ ಶುರುವಾಯಿತು, ಬಾಯಿ ಬಿಡಲಿಲ್ಲ. ಬಟ್ಟೆ ಒಗೆಯುವಾಗ ಕಲೆ ನೋಡಿ ಲುವೀನಿಯಾ ಕೇಳಿದಳು. "ಇನ್ಶೂರೆನ್ಸ್ ಇಲ್ಲದೋನು ರೋಗದ ಹೆಸರು ತಿಳ್ಕೊಂಡು ಏನು ಮಾಡ್ಲಿ?" ಎಂದ. ಅಷ್ಟರಲ್ಲಾಗಲೇ ಅದು ಪಿತ್ತಜನಕಾಂಗಕ್ಕೆ ಹಬ್ಬಿತ್ತು.

ಅವನನ್ನು ಮಣ್ಣು ಮಾಡಿ ಬಂದ ದಿನ ಓಜೆಲ್ಲಾ ಲುವೀನಿಯಾಳ ಅಡುಗೆಮನೆಯಲ್ಲಿ ಟೋಪಿಯನ್ನೂ ತೆಗೆಯದೆ ಕುಳಿತಿದ್ದಳು.

"ಪರವೂರಿನ ದವಾಖಾನೇಲಿ ಅಷ್ಟು ಜನರ ಮುಂದೆ ಕೂಗಾಡ್ದೆ," ಎಂದಳು. "ಈ ಮೇಜಲ್ಲಿ ನನ್ನ ಎದುರಿಗೆ ಕೂತು ಊಟ ಮಾಡ್ತಿದ್ದೋನನ್ನ ಒಂದು ಮಾತು ಕೇಳ್ಲಿಲ್ಲ."

ಅಲ್ಲಿಂದ ಶುರುವಾಯಿತು. ಅಂಗಡಿಗೆ ಬಂದು ಕುರ್ಚಿಯಲ್ಲಿ ಕುಳಿತವರನ್ನೆಲ್ಲ ಓಜೆಲ್ಲಾ ಕೇಳುತ್ತಿದ್ದಳು: "ಹೊಟ್ಟೆ ಸರಿಯಾಗಿ ಹೋಗ್ತಿದೆಯಾ? ರಕ್ತ ಗಿಕ್ತ ಕಂಡ್ತಾ? ಗಂಡಂಗೆ?" ತಲೆ ತೊಳೆಯುವ ಬೋಗುಣಿಗೆ ಕತ್ತು ಒರಗಿಸಿ ನೊರೆ ಹಚ್ಚಿಸಿಕೊಂಡವರು ಎದ್ದು ಓಡುವಂತಿರಲಿಲ್ಲ. ಓಡಬಲ್ಲ ಗಂಡಸರು ಅವಳು ಎದುರಾದರೆ ರಸ್ತೆ ದಾಟುತ್ತಿದ್ದರು. ಡಾಕ್ಟರ್ ವಿಟ್ಲೋ ಅವರನ್ನು ಕಾಡಿ ಬೇಡಿ ವರ್ಷಕ್ಕೊಮ್ಮೆ, ವಸಂತದಲ್ಲಿ ಒಂದು ಶನಿವಾರ ದವಾಖಾನೆಯನ್ನು ವಿಮೆಯಿಲ್ಲದವರಿಗೆಂದೇ ತೆರೆಸಿದಳು. ಚರ್ಚಿನ ವ್ಯಾನಿನಲ್ಲಿ ಜನರನ್ನು ತುಂಬಿಕೊಂಡು ತಾನೇ ಓಡಿಸುತ್ತಿದ್ದಳು. ಕರುಳಿನ ಪರೀಕ್ಷೆಗೆಂದು ಹಿಂದಿನ ದಿನ ಭೇದಿ ಔಷಧಿ ಕುಡಿದವರೆಲ್ಲ ದಾರಿಯುದ್ದಕ್ಕೂ ಪೆಟ್ರೋಲ್ ಬಂಕು ಕಂಡಲ್ಲೆಲ್ಲ ಇಳಿಯುತ್ತಿದ್ದರಿಂದ ಒಂದು ಗಂಟೆಯ ದಾರಿ ಎರಡಾಗುತ್ತಿತ್ತು.

ಚರ್ಚಿನ ಹಿರಿಯ ಥರ್ಮನ್ ಬೈರ್ಡ್ ಮೂರು ವರ್ಷ ಒಪ್ಪಲಿಲ್ಲ. ಸೈನ್ಯದಲ್ಲಿದ್ದವನು, ತನ್ನ ಮೈಯ ವಿಷಯ ಹೆಂಡತಿಗೂ ಹೇಳಿದವನಲ್ಲ. ನಾಲ್ಕನೆಯ ವರ್ಷ ಓಜೆಲ್ಲಾ ವ್ಯಾನನ್ನು ಅವನ ಮನೆಯ ಮುಂದೆಯೇ ನಿಲ್ಲಿಸಿ ಹಾರ್ನು ಬಾರಿಸತೊಡಗಿದಳು. ಅಕ್ಕಪಕ್ಕದವರೆಲ್ಲ ಜಗಲಿಗೆ ಬಂದರು.

"ಮಾನ ಕಳೀಬೇಡ ಹೋಗೇ!" ಎಂದು ಅವನು ಕಿಟಕಿಯಿಂದ ಕೂಗಿದ.

"ನೀನು ಒಳಗೇ ಇದ್ರೆ ಮೈಕು ತರಿಸ್ತೀನಿ ಥರ್ಮನ್!"

ಅವನು ಬಂದ. ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಹಿಂದಿರುಗುವಾಗಲೂ ಆಡಲಿಲ್ಲ. ಒಳಗೇನು ಸಿಕ್ಕಿತು, ಏನು ಮಾಡಿದರು ಎಂದು ಊರಲ್ಲಿ ಯಾರಿಗೂ ತಿಳಿಯಲಿಲ್ಲ.

* * *

ಮಧ್ಯಾಹ್ನ ಚರ್ಚಿನಲ್ಲಿ ಸೂಜಿ ಹಾಕಲೂ ಜಾಗವಿರಲಿಲ್ಲ. ಬಿಳಿ ಉಡುಪಿನ ಹೆಂಗಸರು ಬೀಸಣಿಗೆ ಹಂಚುತ್ತಿದ್ದರು. ವೃಂದಗಾನ ಮುಗಿದ ಮೇಲೆ ಲುವೀನಿಯಾ ವೇದಿಕೆ ಹತ್ತಿದಳು. ಕೆಳಗೆ, ಅವಳ ಕಾಲ ಬುಡದಲ್ಲೇ ಎನ್ನುವಂತೆ, ಹೂವಿನ ನಡುವೆ ಓಜೆಲ್ಲಾ ಮಲಗಿದ್ದಳು. ಕೂದಲು ಬೆಳ್ಳಿಯ ಹಾಗಿತ್ತು.

"ನಮ್ಮ ಓಜೆಲ್ಲಾ ಒಳ್ಳೆ ಕಡುಬು ಮಾಡ್ತಿದ್ಲು," ಎಂದು ಶುರುಮಾಡಿದಳು.

"ಆಮೆನ್," ಎಂದರು ಯಾರೋ.

"ಹಾಡ್ತಿದ್ಲು... ದೇವರು ಅದನ್ನು ಕ್ಷಮಿಸಿದ್ದಾನೆ."

ನಗು ಎದ್ದಿತು. ಲುವೀನಿಯಾ ಕೆಳಗೆ ನೋಡಿದಳು. ಮೊದಲ ಸಾಲಿನಲ್ಲಿ ಜ್ಯೂಯೆಲ್ ಕೈಗಳನ್ನು ಒಂದರೊಳಗೊಂದು ಹೆಣೆದು ಕುಳಿತಿದ್ದಳು. ಅವಳಿಗೆ ಕೊಟ್ಟ ಮಾತು ಮುರಿಯುವಂತಿರಲಿಲ್ಲ. "ಅವಳು ಒಳ್ಳೆಯವಳು," ಎಂದಳು. ಮತ್ತೆ ಅದನ್ನೇ ಹೇಳಿದಳು. ಬೀಸಣಿಗೆಗಳ ಸದ್ದೊಂದೇ ಕೇಳುತ್ತಿತ್ತು.

ಆಗ ಹಿರಿಯರ ಬೆಂಚಿನಿಂದ ಥರ್ಮನ್ ಬೈರ್ಡ್ ಎದ್ದ. ಎಂಬತ್ತಮೂರರ ಮುದುಕ, ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡಿದ್ದ.

"ಕೂತ್ಕೋ ಲುವೀನಿಯಾ. ನಾನು ಹೇಳ್ತೀನಿ," ಎಂದ. ಗಂಟಲು ಸರಿಮಾಡಿಕೊಂಡ. ಇನ್ನೊಮ್ಮೆ ಸರಿಮಾಡಿಕೊಂಡ. "ನನಗೆ ಕಕ್ಕಸಿನಲ್ಲಿ ರಕ್ತ ಹೋಗ್ತಿತ್ತು."

ಅವನ ಹೆಂಡತಿಯ ಬೀಸಣಿಗೆ ಅರ್ಧಕ್ಕೇ ನಿಂತಿತು.

"ಹೇಳಪ್ಪಾ!" ಎಂದಳು ಹಿಂದಿನಿಂದ ಒಬ್ಬ ಅಜ್ಜಿ.

"ಎರಡು ವರ್ಷದಿಂದ ಹೋಗ್ತಿತ್ತು. ಯಾರಿಗೂ ಹೇಳಿರ್ಲಿಲ್ಲ. ಈ ಹೆಂಗಸು ನನ್ನ ಮನೆ ಮುಂದೆ ಹಾರ್ನು ಹೊಡೆದು ನನ್ನ ಮಾನ ಕಳೆದ್ಲು. ಒಳಗಿದ್ದದ್ದನ್ನ ಡಾಕ್ಟ್ರು ಕತ್ತರಿಸಿ ತೆಗೆದ್ರು. ಅದು ಆದ್ಮೇಲೆ ನಾನು ಮೂರು ಮೊಮ್ಮಕ್ಕಳನ್ನ ಎತ್ತಿ ಆಡಿಸ್ದೆ. ಅವಳಿಗೆ ಒಂದು ದಿನ ಥ್ಯಾಂಕ್ಸ್ ಅಂತ ಹೇಳ್ಲಿಲ್ಲ." ಅವನು ಶವಪೆಟ್ಟಿಗೆಯ ಕಡೆ ತಿರುಗಿ ಸೈನಿಕನಂತೆ ನೆಟ್ಟಗೆ ನಿಂತ. "ಥ್ಯಾಂಕ್ಸ್ ಕಣೇ ಓಜೆಲ್ಲಾ."

ಅವನು ಕೂರಲಿಲ್ಲ. ಲುವೀನಿಯಾ ಜ್ಯೂಯೆಲ್‌ಳ ಕಡೆ ನೋಡಿದಳು. ಜ್ಯೂಯೆಲ್ ಟೋಪಿ ತೆಗೆದು ಬೆಂಚಿನ ಮೇಲಿಟ್ಟು ಎದ್ದು ನಿಂತಳು.

"ನನಗೆ ಇನ್ಶೂರೆನ್ಸ್ ಇತ್ತು," ಎಂದಳು, ಕೊನೆಯ ಬೆಂಚಿಗೂ ಕೇಳುವ ದನಿಯಲ್ಲಿ. ಅದು ಅಮ್ಮನದೇ ದನಿ. "ಕೆಲಸಕ್ಕೆ ಸೇರಿದ ದಿನದಿಂದ ಇತ್ತು. ಆದ್ರೂ ನಾಚಿಕೆಯಿಂದ ಹೋಗಿರ್ಲಿಲ್ಲ. ನನಗೆ ನಲವತ್ತಾದಾಗ ಅಮ್ಮ ಬಸ್ ಹತ್ತಿ ಮೆಂಫಿಸ್‌ಗೆ ಬಂದು, ನನ್ನ ಶಾಲೆ ಆಫೀಸಿನ ಮುಂದೆ ಕೂತ್ಲು. ಹೆಡ್‌ಮಾಸ್ಟ್ರಿಗೇ ಹೇಳಿದ್ಲು, ನನ್ನ ಮಗಳ ಕರುಳು ನೋಡಿಸ್ಬೇಕು, ರಜೆ ಕೊಡಿ ಅಂತ."

ಚರ್ಚಿಗೆ ಚರ್ಚೇ ನಕ್ಕಿತು. ಜ್ಯೂಯೆಲ್ ಕೂಡ ನಕ್ಕಳು, ಅಳುತ್ತಲೇ. "ನಾಲ್ಕು ಗಂಟು ಸಿಕ್ಕಿದ್ವು. ನಾಲ್ಕೂ ತೆಗೆದ್ರು. ಇಲ್ಲಿ ನಿಂತಿದೀನಿ!"

"ಆಮೆನ್!"

ಕಿಟಕಿಯ ಬಳಿ ಅಂಚೆ ಕಚೇರಿಯ ಹೆಂಗಸು ಎದ್ದಳು. ಅವಳ ಹಿಂದೆ ಇಬ್ಬರು ಅಣ್ಣತಮ್ಮಂದಿರು ಎದ್ದರು. ಓಜೆಲ್ಲಾ ವ್ಯಾನಿಗೆ ಹತ್ತಿಸಿದ್ದವರು ಒಬ್ಬೊಬ್ಬರಾಗಿ ಎದ್ದು ನಿಂತು ನಡುದಾರಿಗೆ ಇಳಿದು ಮುಂದೆ ಬರತೊಡಗಿದರು. ಲುವೀನಿಯಾ ಹೆಸರು ಹಿಡಿದು ಗುರುತಿಸುತ್ತ ಹೋದಳು, ಸ್ವಲ್ಪ ಹೊತ್ತಿಗೆ ಗುರುತಿಸುವುದನ್ನು ಬಿಟ್ಟಳು. ಡ್ರಮ್ಮಿನವನು ತಾನಾಗಿಯೇ ಬಡಿತ ಹಿಡಿದ. ಹಾಡು ಎದ್ದಿತು. ಚಪ್ಪಾಳೆ ಎದ್ದಿತು. ಥರ್ಮನ್ ಬೈರ್ಡ್ ಜ್ಯೂಯೆಲ್‌ಳ ಕೈ ಹಿಡಿದು ಎಡಕ್ಕೂ ಬಲಕ್ಕೂ ತೂಗುತ್ತಿದ್ದ.

ವೇದಿಕೆಯ ಮೇಲಿನಿಂದ ಲುವೀನಿಯಾಳಿಗೆ ಈಗ ಬರೀ ತಲೆಗಳು ಕಾಣುತ್ತಿದ್ದವು: ಹೂವಿನ ಟೋಪಿಗಳು, ಬೋಳು ನೆತ್ತಿಗಳು, ಹೆಣೆದ ಜಡೆಗಳು, ಎಲ್ಲವೂ ಹಾಡಿಗೆ ತೂಗುತ್ತ. ಪೆಟ್ಟಿಗೆ ಹೊರಲು ಬಂದ ಆರು ಮಂದಿ ಬಿಳಿ ಕೈಗವಸು ತೊಟ್ಟು ಬಾಗಿಲಲ್ಲೇ ನಿಂತಿದ್ದರು. ಅಷ್ಟು ಜನರ ನಡುವೆ ಶವಪೆಟ್ಟಿಗೆ ಎಲ್ಲಿದೆ ಎಂದೇ ಅವರಿಗೆ ಕಾಣುತ್ತಿರಲಿಲ್ಲ.